ಕೋನಾಕೃತಿಯ ಕನ್ನಡ ಅಕ್ಷರ: ‘ಪಲ್ಲಾವರಂ’ ಎಂಬ ಹೆಸರಿನ ಆಧಾರದಿಂದ ಒಂದು ವಿಮರ್ಶೆ

1

ಕನ್ನಡ ಲಿಪಿಯನ್ನು ವರ್ಣಿಸುವಾಗ ‘ದುಂಡು’ ಎಂಬ ವಿಶೇಷಣ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಒಳ್ಳೆಯ ಕೈಬರಹವನ್ನು ಮುತ್ತು ಪೋಣಿಸಿದಂತಿದೆ ಎಂದು ಹೊಗಳುವುದು ನಮ್ಮ ವಾಡಿಕೆ. ಇಂತಹ ಲಿಪಿಯನ್ನು ನೇರಗೀಟು ಮತ್ತು ಮೂಲೆಗಳಿಂದ ಕಟ್ಟಿದ, ಎಲ್ಲ ಗೀಟುಗಳೂ ಒಂದೇ ದಪ್ಪವಾಗಿರುವ, ಕೋನಾಕೃತಿಯ ಜ್ಯಾಮಿತೀಯ ಸ್ಯಾನ್ಸ್ ಸೆರಿಫ್ ಮಾದರಿಗೆ ಒಗ್ಗಿಸುವ ಪ್ರಯತ್ನಗಳು ಇತ್ತೀಚಿನ ದಶಕಗಳಲ್ಲಿ ಹೆಚ್ಚಾಗಿವೆ. ಅಂಗಡಿಯ ಫಲಕ, ಚಲನಚಿತ್ರದ ಶೀರ್ಷಿಕೆ, ಪುಸ್ತಕದ ಹೊದಿಕೆ, ಮೊಬೈಲಿನ ತೆರೆ ಇವೆಲ್ಲ ಅಂತಹ ಅಕ್ಷರವನ್ನು ಬೇಡುತ್ತಿವೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯಂತೆ ಕರ್ನಾಟಕದ ವಾಣಿಜ್ಯ ನಾಮಫಲಕಗಳಲ್ಲಿ ಶೇಕಡ 60ರಷ್ಟು ಭಾಗ ಕನ್ನಡಕ್ಕೆ ಮೀಸಲಾಗಿದೆ. ಫಲಕದಲ್ಲಿ ಕನ್ನಡ ಇರಬೇಕೆಂಬುದನ್ನು ಕಾನೂನು ಹೇಳಿತು. ಆ ಕನ್ನಡ ಯಾವ ಆಕಾರದಲ್ಲಿರಬೇಕೆಂಬುದನ್ನು ಹೇಳುವುದು ಕಾನೂನಿನ ಕೆಲಸವಲ್ಲ. ಅದು ವಿಮರ್ಶೆಯ ಕೆಲಸ.

ಈ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಕನ್ನಡವು ಸ್ವಭಾವತಃ ದುಂಡುಲಿಪಿ, ಅದಕ್ಕೆ ಮೂಲೆ ಕೊಡುವುದು ಲಿಪಿಗೆ ಮಾಡುವ ಅಪಚಾರ ಎಂಬುದು ಒಂದು. ಆಕಾರವೆಂಬುದು ಕೇವಲ ಹೊರಗಿನ ಉಡುಗೆ, ರೋಮನ್ ಅಕ್ಷರಕ್ಕೆ ಸಾಧ್ಯವಾದುದು ಕನ್ನಡಕ್ಕೂ ಸಾಧ್ಯ ಎಂಬುದು ಇನ್ನೊಂದು. ಮೊದಲನೆಯದು ಲಿಪಿಯ ಇತಿಹಾಸವನ್ನು ಮರೆಯುತ್ತದೆ, ಎರಡನೆಯದು ಅದರ ರಚನೆಯನ್ನು ಮರೆಯುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕೋನವು ಕನ್ನಡಕ್ಕೆ ಪರಕೀಯವಲ್ಲ. ಆದರೆ ಎಲ್ಲಿ ಕೋನ ಬರಬಹುದು, ಎಲ್ಲಿ ಬರಬಾರದು ಎಂಬುದನ್ನು ಲಿಪಿಯ ಅರ್ಥಭೇದಗಳೇ ನಿರ್ಣಯಿಸಬೇಕು. ಇದು ನಮ್ಮ ನಿಲುವು.

2

ಮೊದಲು ಮೂಲಮಾದರಿಯನ್ನು ಸಂಕ್ಷೇಪವಾಗಿ ನೋಡುವುದು ಉಚಿತ. ರೋಮನ್ ಅಕ್ಷರಗಳಲ್ಲಿ ಗೀಟಿನ ತುದಿಗೆ ಹಚ್ಚುವ ಪುಟ್ಟ ಅಡ್ಡಗೆರೆಗೆ ಸೆರಿಫ್ ಎಂದು ಹೆಸರು. ಅದನ್ನು ತೆಗೆದುಹಾಕಿದ ಅಚ್ಚುಮೊಳೆಯನ್ನು ಲಂಡನ್ನಿನಲ್ಲಿ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ 1816ರಲ್ಲಿ ತನ್ನ ಮಾದರಿ ಪುಸ್ತಕದಲ್ಲಿ ತೋರಿಸಿದನು. ಜರ್ಮನಿಯ ಪೌಲ್ ರೆನ್ನರ್ 1927ರಲ್ಲಿ ಹೊರತಂದ ಫ್ಯೂಚುರಾ ಅಕ್ಷರಗಳು ವೃತ್ತ, ತ್ರಿಕೋನ ಮತ್ತು ನೇರಗೀಟುಗಳ ಜ್ಯಾಮಿತಿಯನ್ನು ಆದರ್ಶವಾಗಿಟ್ಟುಕೊಂಡವು. ಇಟಲಿಯ ತೂರಿನ್ ನಗರದ ನೆಬಿಯೊಲೊ ಸಂಸ್ಥೆಯಿಂದ 1952ರಲ್ಲಿ ಬಂದ ಮೈಕ್ರೋಗ್ರಾಮಾ ಮತ್ತು ಅದರ ಮುಂದುವರಿಕೆಯಾಗಿ ಆಲ್ಡೊ ನೊವಾರೆಸೆ 1962ರಲ್ಲಿ ರೂಪಿಸಿದ ಯೂರೋಸ್ಟೈಲ್ ಎಂಬವು ವೃತ್ತವನ್ನೇ ಚೌಕಕ್ಕೆ ಹತ್ತಿರ ತಂದವು. ಯಂತ್ರದ, ವೇಗದ, ಭವಿಷ್ಯದ ಸೂಚನೆ ಬೇಕಾದಲ್ಲೆಲ್ಲ ಈ ಚೌಕಾಕಾರ ಬಳಕೆಯಾಯಿತು.

ರೋಮನ್ ಲಿಪಿಯಲ್ಲಿ ಈ ಪ್ರಯೋಗ ಸುಲಭವಾದುದಕ್ಕೆ ಕಾರಣವಿದೆ. ಅದರ ದೊಡ್ಡಕ್ಷರಗಳಲ್ಲಿ ಹೆಚ್ಚಿನವು ಮೊದಲೇ ನೇರಗೀಟಿನವು. ಅಲ್ಲಿ ‘ಓ’ ಅಕ್ಷರವನ್ನು ಚೌಕ ಮಾಡಿದರೆ ಅದು ಚೌಕವಾದ ‘ಓ’ ಆಗಿಯೇ ಉಳಿಯುತ್ತದೆ, ಬೇರೊಂದು ಅಕ್ಷರವಾಗುವುದಿಲ್ಲ. ಭಾರತೀಯ ಲಿಪಿಗಳ ಪೈಕಿ ದೇವನಾಗರಿಗೂ ಇಂತಹ ಅನುಕೂಲ ಸ್ವಲ್ಪಮಟ್ಟಿಗೆ ಇದೆ. ಇಂಡಿಯನ್ ಟೈಪ್ ಫೌಂಡ್ರಿ 2014ರಲ್ಲಿ ಪ್ರಕಟಿಸಿದ ‘ರಾಜಧಾನಿ’ ಎಂಬ ಅಕ್ಷರವಿನ್ಯಾಸವು ದೇವನಾಗರಿ ಮತ್ತು ರೋಮನ್ ಎರಡನ್ನೂ ಚೌಕಟ್ಟಿನ ಒಡಲಿಗೆ ಇಳಿಸಿದೆ. ಶಿರೋರೇಖೆಯೆಂಬ ಅಡ್ಡಗೀಟು, ಅದರಿಂದ ಇಳಿಯುವ ಲಂಬಗೀಟು, ಇವೆರಡು ದೇವನಾಗರಿಯ ಎಲುಬುಗಳಾದ್ದರಿಂದ ಮೂಲೆಗಳು ಅಲ್ಲಿ ಅಸಹಜವೆನಿಸುವುದಿಲ್ಲ. ಆದರೆ ಅದರಲ್ಲಿ ಕನ್ನಡ ಸೇರಿಲ್ಲ. ಅದೇ ಬಗೆಯ ಒಡಲನ್ನು ಕನ್ನಡಕ್ಕೆ ತೊಡಿಸಹೊರಟಾಗ ಸಮಸ್ಯೆ ಆರಂಭವಾಗುತ್ತದೆ, ಏಕೆಂದರೆ ಕನ್ನಡಕ್ಕೆ ಶಿರೋರೇಖೆಯೂ ಇಲ್ಲ, ಲಂಬವಾದ ಬೆನ್ನುಗೀಟೂ ಇಲ್ಲ.

3

ಹಾಗಾದರೆ ಕನ್ನಡದ ದುಂಡು ಅದರ ಹುಟ್ಟುಗುಣವೇ? ಇದನ್ನು ಪರೀಕ್ಷಿಸಲು ಕರ್ನಾಟಕದ ಹೊರಗಿನ ಒಂದು ಊರನ್ನು ನಾವು ಆರಿಸಿಕೊಂಡಿದ್ದೇವೆ. ಚೆನ್ನೈ ನಗರದ ದಕ್ಷಿಣಕ್ಕಿರುವ ಪಲ್ಲಾವರಂನ ಗುಡ್ಡದಲ್ಲಿ ಪಲ್ಲವ ದೊರೆ ಒಂದನೆಯ ಮಹೇಂದ್ರವರ್ಮನು 7ನೆಯ ಶತಮಾನದ ಆದಿಭಾಗದಲ್ಲಿ ಕೊರೆಸಿದ ಗುಹಾಲಯವಿದೆ. ಈಗ ಅದು ದರ್ಗಾ ಆಗಿದೆ. ಅದರಲ್ಲಿ ಅರಸನ ಬಿರುದುಗಳನ್ನು ಸಾಲಾಗಿ ಕೆತ್ತಲಾಗಿದೆ. ಅದೇ ಊರಿನ ಜಿ.ಎಸ್.ಟಿ. ರಸ್ತೆಯ ಎರಡು ಬದಿಗಳಲ್ಲಿ ಇಂದಿನ ತಮಿಳು ಫಲಕಗಳಿವೆ. ಕಲ್ಲಿನ ಅಕ್ಷರ ಮತ್ತು ಬೀದಿಯ ಅಕ್ಷರ ಎರಡೂ ಒಂದೇ ಊರಿನಲ್ಲಿ ದೊರೆಯುವುದರಿಂದ ಬರೆಯುವ ಸಾಧನಕ್ಕೂ ಅಕ್ಷರದ ಆಕಾರಕ್ಕೂ ಇರುವ ಸಂಬಂಧವನ್ನು ಕುರಿತ ಮಾತುಗಳನ್ನು ಇಲ್ಲಿ ಒರೆಗೆ ಹಚ್ಚಬಹುದು.

ಆಕಾರವನ್ನು ಸಾಧನವೇ ನಿರ್ಧರಿಸುತ್ತದೆಂಬ ವಾದದ ಒಂದು ರೂಪ ಕಲ್ಲಿಗೆ ಸಂಬಂಧಿಸಿದ್ದು: ಉಳಿ ಮತ್ತು ಕಲ್ಲು ನೇರಗೀಟನ್ನು ಬೇಡುತ್ತವೆ ಎಂಬುದು. ಪಲ್ಲಾವರಂ ಮತ್ತು ಸೇಂಟ್ ಥಾಮಸ್ ಮೌಂಟ್ ಸುತ್ತಲಿನ ಬಂಡೆ ಸಾಮಾನ್ಯವಾದುದಲ್ಲ. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಾಕನ ಗೋರಿಯ ಮೇಲೆ ಹಾಸಿದ ಕಲ್ಲು ಈ ಜಾತಿಯದು. ಆದುದರಿಂದಲೇ ಭೂವಿಜ್ಞಾನಿ ಟಿ.ಎಚ್. ಹಾಲೆಂಡ್ ಇದಕ್ಕೆ ಚಾರ್ನಾಕೈಟ್ ಎಂದು ಹೆಸರಿಟ್ಟನು. ಇದು ಬಹು ಗಟ್ಟಿಯಾದ ಶಿಲೆ. ಇಂತಹ ಶಿಲೆಯಲ್ಲಿ ಗುಹೆ ಕೊರೆಸಿದ ಪಲ್ಲವರ ಲಿಪಿಯಾದರೋ ಬಳುಕುಗಳನ್ನು ಬಿಟ್ಟುಕೊಟ್ಟದ್ದಲ್ಲ. ಇಳಿಗೀಟುಗಳ ತುದಿಯನ್ನು ಮೇಲಕ್ಕೆ ಬಾಗಿಸುವುದು, ಒಡಲನ್ನು ದುಂಡಗಿಡುವುದು ಪಲ್ಲವ ಗ್ರಂಥದ ಪ್ರಸಿದ್ಧ ಲಕ್ಷಣ. ಅದೇ ಕಾಲದ ಚಾಲುಕ್ಯರ ಐಹೊಳೆಯಲ್ಲಿ, ಮೆತುವಾದ ಮರಳುಗಲ್ಲಿನ ಮೇಲೆ, 634ರ ರವಿಕೀರ್ತಿಯ ಶಾಸನವಿದೆ. ಅದರ ಅಕ್ಷರಗಳೂ ದುಂಡಿನ ಕಡೆಗೇ ಸಾಗಿವೆ. ಗಟ್ಟಿ ಕಲ್ಲು, ಮೆತುಗಲ್ಲು ಎರಡರಲ್ಲಿಯೂ ದುಂಡು ಸಾಧ್ಯವಾಗಿದ್ದರೆ ಆಕಾರವನ್ನು ಕಲ್ಲಿನ ತಲೆಗೆ ಕಟ್ಟುವುದು ಸಮಂಜಸವಲ್ಲ.

ವಾದದ ಇನ್ನೊಂದು ರೂಪ ತಾಳೆಗರಿಗೆ ಸಂಬಂಧಿಸಿದ್ದು. ಕಂಠದಿಂದ ನೇರಗೀಟು ಎಳೆದರೆ ಓಲೆಯ ನಾರು ಸೀಳುತ್ತದೆ, ಆದುದರಿಂದ ದಕ್ಷಿಣದ ಲಿಪಿಗಳು ದುಂಡಾದವು ಎಂಬ ಮಾತು ಪಠ್ಯಪುಸ್ತಕಗಳವರೆಗೂ ಹರಡಿದೆ. ಆದರೆ ಅದೇ ತಾಳೆಗರಿಯ ಮೇಲೆ ಶತಮಾನಗಳ ಕಾಲ ಬರೆಯಲ್ಪಟ್ಟ ತಮಿಳು ಲಿಪಿ ತನ್ನ ಅಡ್ಡಗೀಟುಗಳನ್ನು ಉಳಿಸಿಕೊಂಡಿದೆ. ಓಲೆಯ ಮೇಲಿನ ತಮಿಳು ಕೈಬರಹ ಅಚ್ಚಿನ ತಮಿಳಿಗಿಂತ ದುಂಡಗಿರುವುದು ನಿಜ. ಆದರೂ ಅಕ್ಷರದ ಅಸ್ಥಿಪಂಜರದಲ್ಲಿ ಮೂಲೆಗಳು ಅಳಿಯಲಿಲ್ಲ. ತಮಿಳುನಾಡಿನಲ್ಲಿಯೇ ವಟ್ಟೆಳುತ್ತು ಎಂಬ ಇನ್ನೊಂದು ಲಿಪಿ ಬಳಕೆಯಲ್ಲಿತ್ತು. ಆ ಹೆಸರನ್ನು ಸಾಮಾನ್ಯವಾಗಿ ದುಂಡುಬರಹ ಎಂದು ಅರ್ಥೈಸುತ್ತಾರೆ. ಒಂದೇ ನಾಡು, ಒಂದೇ ಓಲೆ, ಒಂದೇ ಕಲ್ಲು. ಲಿಪಿಗಳು ಮಾತ್ರ ಎರಡು ಬಗೆ. ಸಾಧನವು ಆಕಾರಕ್ಕೆ ಒತ್ತಾಸೆ ಕೊಡಬಹುದು, ಅಪ್ಪಣೆ ಕೊಡಲಾರದು.

ಕನ್ನಡದ ಪೂರ್ವಲಿಪಿಯಲ್ಲಿಯೂ ಕೋನಕ್ಕೆ ಸ್ಥಾನವಿತ್ತೆಂಬುದಕ್ಕೆ ತಾಳಗುಂದದ ಸ್ತಂಭಶಾಸನವೇ ಸಾಕ್ಷಿ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜಕವಿ ರಚಿಸಿದ 5ನೆಯ ಶತಮಾನದ ಈ ಶಾಸನದಲ್ಲಿ ಅಕ್ಷರಗಳ ನೆತ್ತಿಯ ಮೇಲೆ ಸಣ್ಣ ಚೌಕವಿದೆ; ಶಾಸನತಜ್ಞರು ಇದನ್ನು ಪೆಟ್ಟಿಗೆತಲೆಯ ಲಿಪಿ ಎನ್ನುತ್ತಾರೆ. ವಾಕಾಟಕರ ಶಾಸನಗಳಲ್ಲಿ ಇದು ಇನ್ನೂ ಸ್ಪಷ್ಟ. ಇಲ್ಲಿ ಚೌಕವು ಅಕ್ಷರವನ್ನು ಗುರುತಿಸುವ ಅಂಶವಲ್ಲ, ಅಲಂಕಾರ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಸೆರಿಫಿನ ಸ್ಥಾನದಲ್ಲಿದೆ. ಈ ನೆತ್ತಿಯ ಗುರುತೇ ಕಾಲಕ್ರಮದಲ್ಲಿ ಅಡ್ಡವಾಗಿ ಚಾಚಿ, ಬಾಗಿ, ಇಂದಿನ ತಲೆಕಟ್ಟಿನ ಜಾಗಕ್ಕೆ ಬಂದಿತು. ಹಾಗೆ ಬಂದಾಗ ಅದರ ಸ್ವರೂಪವೇ ಬದಲಾಯಿತು. ನಮ್ಮ ವಾದದ ತಿರುಳು ಈ ಬದಲಾವಣೆಯಲ್ಲಿದೆ.

4

ಇಂದಿನ ಕನ್ನಡದಲ್ಲಿ ತಲೆಕಟ್ಟು ಅಲಂಕಾರವಲ್ಲ. ‘ಪ’ ಎಂಬಲ್ಲಿ ಅದು ಅಕಾರವನ್ನು ಸೂಚಿಸುತ್ತದೆ. ‘ಪಿ’ ಎಂದಾಗ ಅದರ ಸ್ಥಾನದಲ್ಲಿ ಗುಡಿಸು ಬರುತ್ತದೆ. ‘ಪೆ’ ಎಂದಾಗ ಏತ್ವ ಬರುತ್ತದೆ. ಸ್ವರಭೇದಗಳಲ್ಲಿ ಹಲವು ನಡೆಯುವುದು ಅಕ್ಷರದ ನೆತ್ತಿಯ ಮೇಲೆಯೇ. ಜ, ಣ, ಬ, ಲ ಮೊದಲಾದ ಕೆಲವು ಅಕ್ಷರಗಳಿಗೆ ಬಿಡಿಯಾದ ತಲೆಕಟ್ಟು ಇಲ್ಲದಿರುವುದೂ ಗಮನಾರ್ಹ. ಹೀಗಿರುವಾಗ, ‘ಸೆರಿಫ್ ಇಲ್ಲದ ಅಕ್ಷರ’ ಎಂಬ ರೋಮನ್ ಕಲ್ಪನೆಯನ್ನು ಕನ್ನಡಕ್ಕೆ ತರುವವರು ತಲೆಕಟ್ಟನ್ನು ಸೆರಿಫ್ ಎಂದು ಎಣಿಸಿ ಮೊಟಕುಗೊಳಿಸಿದರೆ ಅವರು ಒಡವೆಯನ್ನಲ್ಲ, ಅವಯವವನ್ನೇ ತೆಗೆದಂತಾಗುತ್ತದೆ. ಕನ್ನಡ ಅಕ್ಷರಕ್ಕೆ ರೋಮನ್ ಅರ್ಥದ ಸೆರಿಫ್ ಇಲ್ಲವೇ ಇಲ್ಲ. ಆದ್ದರಿಂದ ಕನ್ನಡದಲ್ಲಿ ಸ್ಯಾನ್ಸ್ ಸೆರಿಫ್ ಎಂದರೆ ಗೀಟಿನ ದಪ್ಪ ಒಂದೇ ಸಮನಾಗಿರುವ ಅಕ್ಷರ ಎಂದಷ್ಟೇ ಅರ್ಥ ಮಾಡಬೇಕು.

ತಲೆಕಟ್ಟಿಗೆ ಇನ್ನೊಂದು ಹೊಣೆಯೂ ಇದೆ. ಕನ್ನಡ ಮತ್ತು ತೆಲುಗು ಲಿಪಿಗಳ ಒಡಲು ಅನೇಕ ಕಡೆ ಒಂದೇ. ತೆಲುಗಿನ ತಲೆಕಟ್ಟು ಸರಿಗುರುತಿನಂತೆ ಓರೆಯಾಗಿ ಮೇಲೇರುತ್ತದೆ, ಕನ್ನಡದ್ದು ಅಡ್ಡಲಾಗಿ ಹೋಗಿ ಬಲತುದಿಯಲ್ಲಿ ಕೊಂಕುತ್ತದೆ. ಆ ಕೊಂಕನ್ನು ಮುರಿದು ಓರೆಗೀಟು ಮಾಡಿದರೆ ಓದುಗನು ಯಾವ ಲಿಪಿಯ ಮುಂದೆ ನಿಂತಿದ್ದಾನೆಂಬುದೇ ಕ್ಷಣಕಾಲ ಅನುಮಾನವಾಗುತ್ತದೆ. ಎರಡೂ ಲಿಪಿಗಳು ಕಣ್ಣಿಗೆ ಬೀಳುವ ಗಡಿಪ್ರದೇಶಗಳಲ್ಲಿ ಇದು ಉಪೇಕ್ಷಿಸುವ ವಿಷಯವಲ್ಲ.

ಈಗ ‘ಪಲ್ಲಾವರಂ’ ಎಂಬ ಹೆಸರನ್ನೇ ಎರಡು ಲಿಪಿಗಳಲ್ಲಿ ಬರೆದು ನೋಡೋಣ. ತಮಿಳಿನಲ್ಲಿ ಮೊದಲ ಅಕ್ಷರ ಮೂರು ನೇರಗೀಟುಗಳ ತೆರೆದ ಪೆಟ್ಟಿಗೆ. ರಕಾರವೂ ಹೆಚ್ಚುಕಡಿಮೆ ನೇರಗೀಟುಗಳದ್ದೇ. ಲಕಾರ ವಕಾರಗಳಲ್ಲಿ ಮಾತ್ರ ಸುಳಿಯಿದೆ. ದ್ವಿತ್ವವನ್ನು ಮೇಲೊಂದು ಚುಕ್ಕೆಯಿಟ್ಟು ಸಾಲಿನಲ್ಲಿಯೇ ತೋರಿಸುವುದರಿಂದ ಅಕ್ಷರಗಳೆಲ್ಲ ಒಂದೇ ಪಂಕ್ತಿಯಲ್ಲಿ ನಿಲ್ಲುತ್ತವೆ. ಮಹಾಪ್ರಾಣಗಳಿಲ್ಲದ ಆ ಲಿಪಿಗೆ ಮೂಲವ್ಯಂಜನಗಳು 18 ಮಾತ್ರ. ಕೋನಾಕೃತಿಯ ವಿನ್ಯಾಸಕ್ಕೆ ಇದಕ್ಕಿಂತ ಅನುಕೂಲವಾದ ನೆಲ ದೊರೆಯುವುದು ಕಷ್ಟ. ಪಲ್ಲಾವರಂನ ಬೀದಿಯಲ್ಲಿ ಚೌಕಾಕಾರದ ತಮಿಳು ಫಲಕವು ಸಲೀಸಾಗಿ ಓದಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಕನ್ನಡದಲ್ಲಿ ಅದೇ ಹೆಸರು ನಾಲ್ಕು ಅಕ್ಷರ, ನಾಲ್ಕು ತೊಡಕು. ಮೊದಲನೆಯದು ಪಕಾರ ಮತ್ತು ವಕಾರಗಳ ಜೋಡಿ. ಇವುಗಳ ಒಡಲು ಬಹುಮಟ್ಟಿಗೆ ಒಂದೇ. ಮೇಲುಭಾಗ ತೆರೆದಿದೆಯೇ ಮುಚ್ಚಿದೆಯೇ, ತಲೆಕಟ್ಟು ಒಡಲನ್ನು ಹೇಗೆ ಸೇರುತ್ತದೆ ಎಂಬುದರಲ್ಲಿ ಭೇದವಿದೆ. ದುಂಡಗಿನ ಒಡಲಿನಲ್ಲಿ ಈ ಭೇದ ಬಾಗಿನಿಂದಲೇ ತಿಳಿಯುತ್ತದೆ. ಎರಡನ್ನೂ ಚೌಕ ಮಾಡಿ ಗೀಟನ್ನು ದಪ್ಪಗೊಳಿಸಿದೊಡನೆ ತೆರವು ಕಿರಿದಾಗಿ ಒಂದು ಇನ್ನೊಂದರಂತೆ ಕಾಣುತ್ತದೆ. ಷಕಾರವನ್ನು ಜೊತೆಗಿಟ್ಟರೆ ಅದರ ಹೊಟ್ಟೆಯೊಳಗಿನ ಗೀಟಿಗೆ ಜಾಗವೇ ಉಳಿಯುವುದಿಲ್ಲ.

ಎರಡನೆಯದು ‘ಲ್ಲಾ’ ಎಂಬ ಒತ್ತಕ್ಷರ. ರೋಮನ್ ಅಕ್ಷರಕ್ಕೂ ತಮಿಳಿಗೂ ಒಂದು ಸಾಲು ಸಾಕು. ಕನ್ನಡಕ್ಕೆ ಸಾಲಿನ ಕೆಳಗೆ ಇನ್ನೊಂದು ಸಾಲು ಬೇಕು. ಒತ್ತನ್ನು ಮೇಲಿನ ಅಕ್ಷರದಷ್ಟೇ ದಪ್ಪಗೀಟಿನಲ್ಲಿ ಬರೆದರೆ ಅದು ಮುದ್ದೆಯಾಗುತ್ತದೆ. ತೆಳುಗೀಟಿನಲ್ಲಿ ಬರೆದರೆ ‘ಒಂದೇ ದಪ್ಪ’ ಎಂಬ ವಿನ್ಯಾಸದ ನಿಯಮ ಮುರಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ನಿಯಮ ಮುರಿಯುವುದೇ ಸರಿ. ಕಣ್ಣಿಗೆ ಒಂದೇ ಎನಿಸುವ ದಪ್ಪ ಬೇರೆ, ಅಳತೆಗೆ ಒಂದೇ ಆಗಿರುವ ದಪ್ಪ ಬೇರೆ.

ಮೂರನೆಯದು ‘ರಂ’. ಇಲ್ಲಿ ಎರಡು ಉಂಗುರಗಳು ಒತ್ತೊತ್ತಾಗಿ ನಿಲ್ಲುತ್ತವೆ: ಒಂದು ತಲೆಕಟ್ಟುಳ್ಳದ್ದು, ಇನ್ನೊಂದು ಬರಿಯ ಸೊನ್ನೆ. ಒಳಗೆ ಚುಕ್ಕೆಯಿಟ್ಟರೆ ಅದೇ ಉಂಗುರ ಠಕಾರ. ಅಂಕಿಗಳ ನಡುವೆ ಬಂದರೆ ಅದು ಸೊನ್ನೆಯೆಂಬ ಸಂಖ್ಯೆ. ರೋಮನ್ ಲಿಪಿಯಲ್ಲಿ ಚೌಕವಾದ ‘ಓ’ ನಿರಪಾಯವೆಂದು ಮೇಲೆ ಹೇಳಿದೆವು. ಕನ್ನಡದಲ್ಲಿ ಉಂಗುರವೇ ಒಂದು ಕುಟುಂಬದ ಗುರುತು. ಅದರ ಪಕ್ಕದಲ್ಲಿ ಪಕಾರ ವಕಾರಗಳ ಒಡಲೂ ಚೌಕವಾದರೆ ಒಡಲಿನ ಚೌಕಕ್ಕೂ ಉಂಗುರದ ಚೌಕಕ್ಕೂ ವ್ಯತ್ಯಾಸ ಅಳಿಯುತ್ತದೆ. ಆದ್ದರಿಂದ ಎಲ್ಲವನ್ನೂ ಕೋನಗೊಳಿಸಿದರೂ ಅನುಸ್ವಾರವನ್ನಾದರೂ ದುಂಡಗೆ ಬಿಡುವುದು ಲೇಸು.

ನಾಲ್ಕನೆಯದು ಈ ಹೆಸರಿನಲ್ಲಿ ನೇರವಾಗಿ ಕಾಣದಿದ್ದರೂ ಅದರ ಮೊದಲ ಅಕ್ಷರದಲ್ಲಿ ಅಡಗಿದೆ. ಪಕಾರದ ಅಡಿಯಲ್ಲಿ ಒಂದು ಸೀಳುಗೆರೆ ಬಂದರೆ ಫಕಾರ. ದಕಾರದ ಅಡಿಯಲ್ಲಿ ಬಂದರೆ ಧಕಾರ, ಅದರೊಳಗೆ ಚುಕ್ಕೆ ಬಿದ್ದರೆ ಥಕಾರ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವೆಲ್ಲ ಇಂತಹ ಸೂಕ್ಷ್ಮ ಗುರುತುಗಳ ಮೇಲೆ ನಿಂತಿದೆ. ದುಂಡಗಿನ ಅಡಿಯಿಂದ ಇಳಿಯುವ ನೇರವಾದ ಸೀಳು ತನ್ನ ವೈದೃಶ್ಯದಿಂದಲೇ ಕಾಣಿಸುತ್ತದೆ. ಅಡಿಯೂ ನೇರಗೀಟಾದಾಗ ಸೀಳು ಅದರಲ್ಲಿ ಕರಗುತ್ತದೆ. ಅಂದರೆ ಕನ್ನಡದ ದುಂಡು ನೇರಗೀಟಿಗೆ ವಿರೋಧಿಯಲ್ಲ. ನೇರಗೀಟು ಅರ್ಥಪೂರ್ಣವಾಗುವಂತೆ ಹಿನ್ನೆಲೆ ಒದಗಿಸುವುದೇ ದುಂಡು.

5

ಇಷ್ಟು ತೊಡಕುಗಳಿದ್ದರೂ ಕೋನಾಕೃತಿಯನ್ನು ನಾವು ನಿರಾಕರಿಸುವುದಿಲ್ಲ. ಕನ್ನಡ ಅಚ್ಚಿನ ಇತಿಹಾಸವೇ ಹೊಂದಾಣಿಕೆಗಳ ಇತಿಹಾಸ. ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿಯೂ ಮದರಾಸಿನಲ್ಲಿ ಜಾನ್ ಮೆಕ್ಕೆರೆಲನ ವ್ಯಾಕರಣ 1820ರಲ್ಲಿಯೂ ಅಚ್ಚಾದವು. ಕನ್ನಡದ ಮೊಳೆಗಳು ತಮ್ಮ ಮೊದಲ ಹೆಜ್ಜೆಗಳನ್ನು ಇಟ್ಟದ್ದು ಇಂದಿನ ಕರ್ನಾಟಕದ ಹೊರಗೆ ಎಂಬುದು ಹೊರನಾಡಿನ ಸಂಶೋಧಕರು ನೆನಪಿಡಬೇಕಾದ ಸಂಗತಿ. ಅಕ್ಷರ, ಗುಣಿತ, ಒತ್ತು ಎಂದು ಲಿಪಿಯನ್ನು ಬಿಡಿಬಿಡಿ ಮೊಳೆಗಳಾಗಿ ಒಡೆದು ಮತ್ತೆ ಜೋಡಿಸುವ ಕ್ರಮ ಅಚ್ಚಿನೊಡನೆ ಬಂದಿತು. ಫಲಕ ಬರೆಯುವವರ ಚಪ್ಪಟೆ ಕುಂಚವೂ ತನ್ನದೇ ಆದ ಮೂಲೆಗಳನ್ನು ತಂದಿತು. ಕುಂಚದ ಮೂಲೆಗೂ ಗಣಕದ ಚೌಕಳಿಯ ಮೂಲೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕೈ ದಿಕ್ಕು ಬದಲಿಸುವ ಸ್ಥಳದಲ್ಲಿ ಕುಂಚದ ಮೂಲೆ ಹುಟ್ಟುತ್ತದೆ. ಚೌಕಳಿಯ ಮೂಲೆ ಕಾಗದದ ನಾಲ್ಕು ದಿಕ್ಕಿಗೆ ಅಕ್ಷರವನ್ನು ಅಂಟಿಸುತ್ತದೆ. ಮೊದಲನೆಯದರಲ್ಲಿ ಬರವಣಿಗೆಯ ಚಲನೆ ಉಳಿಯುತ್ತದೆ, ಎರಡನೆಯದರಲ್ಲಿ ಚೌಕಟ್ಟು ಮಾತ್ರ ಉಳಿಯುತ್ತದೆ. ಕೋನಾಕೃತಿಯ ಯಾವುದೇ ಕನ್ನಡ ವಿನ್ಯಾಸವನ್ನು ವಿಮರ್ಶಿಸುವಾಗ ಮೂಲೆ ಎಲ್ಲಿ ಬಿದ್ದಿದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಇಂದು ಮುಕ್ತವಾಗಿ ದೊರೆಯುವ ಒಂದೇ ದಪ್ಪದ ಕನ್ನಡ ಅಕ್ಷರಗಳಲ್ಲಿ ಮೂರನ್ನು ಹೆಸರಿಸಬಹುದು. ನೋಟೊ ಸ್ಯಾನ್ಸ್ ಕನ್ನಡ ಸಾಮಾನ್ಯ ಓದಿಗಾಗಿ ಇರುವುದು. ಅದು ಸಂಯಮದಿಂದ ದುಂಡನ್ನು ಕಾಯ್ದುಕೊಂಡಿದೆ. ಎಕ್ ಟೈಪ್ ಸಂಸ್ಥೆಯ ಬಾಲೂ ತಮ್ಮ ದುಂಡನ್ನು ಇನ್ನೂ ಉಬ್ಬಿಸಿ ಶೀರ್ಷಿಕೆಗೆ ಒದಗಿಸಿದೆ. ಅದೇ ಸಂಸ್ಥೆ 2022ರಲ್ಲಿ ಹೊರತಂದ ಅನೇಕ್ ಕುಟುಂಬದ ಕನ್ನಡ ರೂಪವು ನಮ್ಮ ಚರ್ಚೆಗೆ ಹೆಚ್ಚು ಸಮೀಪವಾದುದು. ಒಂಬತ್ತು ಭಾರತೀಯ ಲಿಪಿಗಳನ್ನೂ ರೋಮನ್ನನ್ನೂ ಒಟ್ಟಿಗೆ ಯೋಜಿಸಿದ ಈ ಕುಟುಂಬದಲ್ಲಿ ಅಕ್ಷರದ ದಪ್ಪವನ್ನೂ ಅಗಲವನ್ನೂ ಬಳಸುವವರೇ ಹೆಚ್ಚುಕಡಿಮೆ ಮಾಡಬಹುದು. ಅಗಲವು ಮೂಲದ ಶೇಕಡ 75ರಿಂದ 125ರವರೆಗೆ ಬದಲಾಗುತ್ತದೆ. ಅಗಲ ಕುಗ್ಗಿದಂತೆ ಒಡಲಿನ ಪಕ್ಕಗಳು ನೇರವಾಗುತ್ತ ಹೋಗುವುದು ಇಂತಹ ಯೋಜನೆಯ ಸಹಜ ಪರಿಣಾಮ. ನೇರತನವು ಇಲ್ಲಿ ಹೊರಗಿನಿಂದ ಹೇರಿದ್ದಲ್ಲ, ಜಾಗದ ಕೊರತೆಗೆ ದುಂಡು ಕೊಟ್ಟ ಉತ್ತರ. ಕೋನದ ಕಡೆಗೆ ಹೋಗಲು ಕನ್ನಡಕ್ಕೆ ಇದು ಹೆಚ್ಚು ಆರೋಗ್ಯಕರವಾದ ದಾರಿಯೆಂದು ನಮಗೆ ತೋರುತ್ತದೆ. ಆದರೆ ದಪ್ಪವನ್ನು ಹೆಚ್ಚಿಸಿ ಅಗಲವನ್ನು ಕುಗ್ಗಿಸುವ ತುದಿಯಲ್ಲಿ, ಮೇಲೆ ಹೇಳಿದ ಷಕಾರದ ಮತ್ತು ಒತ್ತಿನ ತೊಡಕುಗಳು ಯಾವ ವಿನ್ಯಾಸಕ್ಕೂ ತಪ್ಪಿದ್ದಲ್ಲ. ಸಲಕರಣೆ ಅವಕಾಶ ಕೊಡುತ್ತದೆಂಬ ಕಾರಣಕ್ಕೆ ಫಲಕ ಮಾಡುವವರು ಆ ತುದಿಗೇ ಹೋಗಬೇಕಾಗಿಲ್ಲ.

6

ಬಳಕೆಯ ಮಿತಿಗಳನ್ನು ಕುರಿತು ಒಂದೆರಡು ಮಾತು ಅಗತ್ಯ. ಒಂದೆರಡು ಪದಗಳ ಶೀರ್ಷಿಕೆ, ಲೋಹದಲ್ಲಿಯೋ ಪ್ಲಾಸ್ಟಿಕ್ಕಿನಲ್ಲಿಯೋ ಕತ್ತರಿಸಿ ನಿಲ್ಲಿಸುವ ಫಲಕ, ದೂರದಿಂದ ಕಾಣಬೇಕಾದ ಅಂಗಡಿಯ ಹೆಸರು ಇವುಗಳಿಗೆ ಕೋನಾಕೃತಿ ಒಪ್ಪುತ್ತದೆ. ಅಲ್ಲಿ ಓದುಗನಿಗೆ ಪದ ಮೊದಲೇ ಪರಿಚಿತ; ಒಂದು ಅಕ್ಷರ ಮಸುಕಾದರೂ ಉಳಿದವು ಕೈಹಿಡಿಯುತ್ತವೆ. ಊರಿನ ಹೆಸರು, ವ್ಯಕ್ತಿಯ ಹೆಸರು, ಔಷಧದ ಹೆಸರು ಇವು ಹಾಗಲ್ಲ. ಪಲ್ಲಾವರಂ ಎಂಬ ಹೆಸರನ್ನು ಕೇಳಿರದ ಕನ್ನಡಿಗನು ಅದನ್ನು ಅಕ್ಷರ ಅಕ್ಷರವಾಗಿಯೇ ಓದಬೇಕು. ಪಕಾರ ವಕಾರಗಳು ಅದಲುಬದಲಾದರೆ ಅವನನ್ನು ತಿದ್ದುವ ಸಂದರ್ಭ ಸುತ್ತಲೂ ಇರುವುದಿಲ್ಲ.

ಹೊರನಾಡಿನಲ್ಲಿ ಈ ಪ್ರಶ್ನೆ ಇನ್ನೂ ತೀವ್ರವಾದುದು. ರಾಜ್ಯದೊಳಗಿನ ಮಗು ದಿನಕ್ಕೆ ನೂರು ಬಗೆಯ ಕನ್ನಡ ಅಕ್ಷರಗಳನ್ನು ಬೀದಿಯಲ್ಲಿಯೇ ನೋಡಿ ಕಲಿಯುತ್ತದೆ. ಚೆನ್ನೈ, ಮುಂಬಯಿ, ದೆಹಲಿಗಳಲ್ಲಿ ಕನ್ನಡ ಕಲಿಯುವವರಿಗೆ ದೊರೆಯುವುದು ಒಂದು ಪಾಠಪುಸ್ತಕ, ಒಂದು ತೆರೆ. ಅಲ್ಲಿ ಕಂಡ ಆಕಾರವೇ ಅವರಿಗೆ ಲಿಪಿ. ದಧಗಳ ಭೇದ ಕಾಣದ ಅಕ್ಷರದಲ್ಲಿ ಓದು ಕಲಿತವರು ಆ ಭೇದವನ್ನು ಬರವಣಿಗೆಯಲ್ಲಿ ಉಳಿಸಿಕೊಳ್ಳುವರೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದುದರಿಂದ ಬಾಲಬೋಧೆ, ನಿಘಂಟು, ಗ್ರಂಥಸಂಪಾದನೆ, ಶಾಸನಪಾಠ ಇವುಗಳಿಂದ ಕೋನಾಕೃತಿಯನ್ನು ದೂರವಿಡಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಹಳಗನ್ನಡ ಪಠ್ಯಕ್ಕೆ ಱ ಮತ್ತು ೞ ಅಕ್ಷರಗಳೂ ಬೇಕು. ಶೀರ್ಷಿಕೆಗಾಗಿ ಮಾಡಿದ ಅಕ್ಷರಗುಚ್ಛದಲ್ಲಿ ಇವು ಇವೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಯೂನಿಕೋಡ್ ಸಂಕೇತಾವಳಿಯಲ್ಲಿಯೇ ೞಕಾರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದು, ಹೆಸರುಗಳನ್ನು ಬದಲಿಸಬಾರದೆಂಬ ನಿಯಮದಿಂದಾಗಿ, ತಿದ್ದುಪಡಿಯನ್ನು ಪರ್ಯಾಯನಾಮವಾಗಿ ಸೇರಿಸಬೇಕಾಯಿತು. ನಕಾರಪೊಲ್ಲಿಗೆ ಸ್ಥಾನ ದೊರೆತದ್ದು 2021ರಲ್ಲಿ. ಲಿಪಿಯ ತಾಂತ್ರಿಕ ನಿರ್ಣಯಗಳಾಗುವಾಗ ವಿದ್ವಾಂಸರು ದೂರವಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಕೊನೆಯದಾಗಿ ಒಂದು ಸೂಚನೆ. ಹೊಸ ಅಕ್ಷರವಿನ್ಯಾಸ ಬಂದಾಗ ಅದನ್ನು ಅಂದ ಚೆಂದಗಳ ಮಾತಿನಿಂದ ಅಳೆಯುವ ಬದಲು ನಾಲ್ಕು ಪರೀಕ್ಷೆಗಳಿಗೆ ಒಡ್ಡಬಹುದು: ಪ, ವ, ಷಗಳು ಬೇರೆಬೇರೆಯಾಗಿ ಕಾಣುತ್ತವೆಯೇ, ದ, ಧ, ಥಗಳ ಸೀಳು ಮತ್ತು ಚುಕ್ಕೆ ಸಣ್ಣ ಗಾತ್ರದಲ್ಲಿಯೂ ಉಳಿಯುತ್ತವೆಯೇ, ಒತ್ತಕ್ಷರಗಳು ಕೆಳಸಾಲಿಗೆ ತಾಗದೆ ಓದಿಸಿಕೊಳ್ಳುತ್ತವೆಯೇ, ತಲೆಕಟ್ಟು, ಗುಡಿಸು, ಏತ್ವಗಳು ಒಂದನ್ನೊಂದು ನುಂಗದೆ ನಿಲ್ಲುತ್ತವೆಯೇ. ಇದಕ್ಕೆ ಪ್ರಯೋಗಾಲಯ ಬೇಡ. ಅಪರಿಚಿತ ಸ್ಥಳನಾಮಗಳ ಒಂದು ಪಟ್ಟಿ ಮತ್ತು ಓದುವ ಕೆಲವು ವಿದ್ಯಾರ್ಥಿಗಳು ಸಾಕು. ಕರ್ನಾಟಕದ ಹೊರಗಿನ ಕನ್ನಡ ವಿಭಾಗಗಳು, ಎರಡು ಮೂರು ಲಿಪಿಗಳನ್ನು ಬಲ್ಲ ವಿದ್ಯಾರ್ಥಿಗಳನ್ನು ಹೊಂದಿರುವುದರಿಂದ, ಈ ಕೆಲಸವನ್ನು ರಾಜ್ಯದೊಳಗಿನವರಿಗಿಂತ ಚೆನ್ನಾಗಿ ಮಾಡಬಲ್ಲವು. ಈ ಪರೀಕ್ಷೆಗಳಲ್ಲಿ ಗೆದ್ದ ಕೋನವನ್ನು ಕನ್ನಡದ್ದೆಂದು ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಸೋತ ದುಂಡನ್ನು, ಅದು ಎಷ್ಟೇ ಮುದ್ದಾಗಿದ್ದರೂ, ತಿದ್ದಿಕೊಳ್ಳಲು ಹಿಂಜರಿಯಬೇಕಾಗಿಯೂ ಇಲ್ಲ.